ಮೆಟ್ಟಿಲ ತಿರುವಿನ ಡಬ್ಬಿ

ಅಡುಗೆಮನೆಯ ಮಾಡದಲ್ಲಿ ಬೋರಲು ಹಾಕಿಟ್ಟಿದ್ದ ಸ್ಟೀಲಿನ ಡಬ್ಬಿ ಶುಕ್ರವಾರ ಬೆಳಿಗ್ಗೆ ದ್ರಾಕ್ಷಾಯಣಿಯ ಮೊಣಕೈ ತಗುಲಿ ನೆಲಕ್ಕೆ ಬಿತ್ತು. ಡಬ್ಬಿ ಒಂದು ಕಡೆ, ಮುಚ್ಚಳ ಒಂದು ಕಡೆ ಉರುಳಿ ನಿಂತ ಮೇಲೆ ಅವಳು ಬಗ್ಗಿ ಎತ್ತಿಕೊಂಡಳು, ಸೆರಗಿನಿಂದ ಒರೆಸಿದಳು, ಮತ್ತೆ ಮಾಡದಲ್ಲಿ ಇಡಲು ಹೋದವಳು ಕೈ ತಡೆದು ನಿಂತಳು. ಈ ಡಬ್ಬಿ ಬಂದು ಎರಡು ವಾರವಾದರೂ ಆಗಿರಬೇಕು. ದಿನವೂ ಕಣ್ಣೆದುರಿಗೇ ಇದ್ದರೂ ಅದನ್ನು ತುಂಬಿಸಿ ವಾಪಸು ಕಳಿಸಬೇಕೆಂದು ಅವಳಿಗೆ ಒಮ್ಮೆಯೂ ಅನಿಸಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಮರೆತೆನೆಂದು ಸುಮ್ಮನಾಗುತ್ತಿದ್ದರು. ದ್ರಾಕ್ಷಾಯಣಿ ಅಂಥವಳಲ್ಲ. ಗ್ಯಾಸು ಬಂದ್ ಮಾಡಿದ ಮೇಲೂ ಮತ್ತೆ ಮುಟ್ಟಿ ನೋಡುವವಳು, ಬಾಗಿಲಿಗೆ ಕೀಲಿ ಹಾಕಿ ಜಗ್ಗಿ ನೋಡಿ, ಓಣಿಯ ತುದಿಯವರೆಗೆ ಹೋದ ಮೇಲೂ ತಿರುಗಿ ಬಂದು ನೋಡುವವಳು. ಅವಳು ಮರೆತಿರಲೂ ಇಲ್ಲ. ಡಬ್ಬಿ ಯಾರದು, ಯಾವಾಗ ಬಂತು, ಅದರಲ್ಲಿ ಏನಿತ್ತು, ಎಲ್ಲ ಸ್ಪಷ್ಟವಾಗಿ ನೆನಪಿತ್ತು. ಕಳಿಸಬೇಕೆನ್ನುವ ಮನಸ್ಸು ಮಾತ್ರ ಇರಲಿಲ್ಲ.

ಡಬ್ಬಿ ಮಾಳಿಗೆಯ ಮೇಲಿನ ಮನೆಯದು. ಮೇಲೆ ಅವಳ ನೆಗೆಣ್ಣಿ, ಎಂದರೆ ಗಂಡನ ಅಣ್ಣನ ಹೆಂಡತಿ ಕಸ್ತೂರಿ ಇದ್ದಳು. ಮೂರು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಮಾತು ನಿಂತ ದಿನ ಕಸ್ತೂರಿಯ ಈ ಡಬ್ಬಿ, ಅದೇನು ಕೆಟ್ಟ ಗಳಿಗೆಯೋ, ಕೆಳಗಿನ ಮನೆಯಲ್ಲಿತ್ತು. ಬಂದ ಪಾತ್ರೆಯನ್ನು ಬರಿದಾಗಿ ತಿರುಗಿಸುವುದು ಆ ಕಡೆಯ ಯಾವ ಮನೆಯಲ್ಲೂ ಇಲ್ಲ. ಹಾಗೆ ತಿರುಗಿಸಿದರೆ ಸಂಬಂಧ ಹರಿಯಿತೆಂದೇ ಅರ್ಥ. ದ್ರಾಕ್ಷಾಯಣಿ ಒಂದಿಷ್ಟು ಶೇಂಗಾ ಚಟ್ನಿಪುಡಿ ಹಾಕಿ ಮೆಟ್ಟಿಲ ತಿರುವಿನಲ್ಲಿ ಇಟ್ಟು ಬಂದಳು. ವೈರಿಯ ಚಟ್ನಿ ತಿಂದು ಅವಳ ಉಪ್ಪಿನ ಋಣ ಇಟ್ಟುಕೊಳ್ಳುವುದಕ್ಕೆ ಕಸ್ತೂರಿಗೆ ಮನಸ್ಸಾಗಲಿಲ್ಲ. ಮರುವಾರ ಅದೇ ಡಬ್ಬಿ ಕರಿಂಡಿ ಎಂಬ ಖಾರದ ಚಟ್ನಿ ತುಂಬಿಕೊಂಡು ತಿರುವಿಗೆ ಬಂತು. ಅಂದಿನಿಂದ ಡಬ್ಬಿ ನಿಂತಿಲ್ಲ. ಯಾರು ಮೊದಲು ನಿಲ್ಲಿಸುತ್ತಾರೋ ಅವರು ಋಣದಲ್ಲಿ ಉಳಿದಂತೆ. ಬರಬರುತ್ತ ಅದರಲ್ಲೇ ಜಗಳವೂ ನಡೆಯಿತು. ಒಬ್ಬಳು ಹಾಗಲಕಾಯಿ ಪಲ್ಯವನ್ನು ಬೆಲ್ಲ ಹಾಕದೆ ಕಳಿಸಿದರೆ ಇನ್ನೊಬ್ಬಳು ಉಪ್ಪು ಸುರಿದ ಹಿಟ್ಟಿನ ಪಲ್ಯ ಕಳಿಸುವಳು. ಕಳೆದ ಯುಗಾದಿಗೆ ಮೇಲಿನಿಂದ ಬರೀ ಬೇವಿನ ಹೂ ಇಳಿದು ಬಂದಿತ್ತು.

ಅಂಥ ಡಬ್ಬಿ ಎರಡು ವಾರ ಮಾಡದಲ್ಲಿ ಕುಳಿತಿದೆ. ದ್ರಾಕ್ಷಾಯಣಿಯ ಬೆರಳು ತಾನಾಗಿ ಬಲಗಿವಿಯ ಹಿಂದಕ್ಕೆ ಹೋಯಿತು. ಕುಂಕುಮದ ಬೊಟ್ಟಿನಷ್ಟು ಅಗಲದ ಗುಂಡಿ ಅಲ್ಲಿ ಬೆಚ್ಚಗೆ ಅಂಟಿಕೊಂಡಿತ್ತು.

*

ಗುಂಡಿಗೂ ಮೊಬೈಲಿಗೂ ನಂಟು. ಮೊಬೈಲಿನಲ್ಲಿರುವ ಆ್ಯಪಿನ ಹೆಸರು ‘ನಿರಾಳ’. ಮೊದಲು ಅದೂ ಎಲ್ಲ ಆ್ಯಪುಗಳ ಹಾಗೆ ಇತ್ತು: ಮಾಡಬೇಕಾದ ಕೆಲಸ ಬರೆದುಕೊಳ್ಳುವುದು, ಮುಗಿದ ಮೇಲೆ ಗುರುತು ಹಾಕುವುದು. ಆಮೇಲೆ ಕಂಪನಿಯ ವಿಜ್ಞಾನಿಗಳು ಒಂದು ಸಂಗತಿ ಹಿಡಿದರು. ಮಾಡದೆ ಉಳಿದ ಪ್ರತಿ ಕೆಲಸವೂ ಮೆದುಳಿನಲ್ಲಿ ಒಂದು ಸಣ್ಣ ಎಳೆತವನ್ನು ಬಿಟ್ಟಿರುತ್ತದೆ. ಒಲೆಯ ಮೇಲೆ ಹಾಲಿಟ್ಟು ಬಾಗಿಲಲ್ಲಿ ಯಾರನ್ನೋ ಮಾತಾಡಿಸುತ್ತ ನಿಂತವಳನ್ನು ಬೆನ್ನ ಹಿಂದಿನಿಂದ ಜಗ್ಗುತ್ತದಲ್ಲ, ಅಂಥ ಎಳೆತ. ಅದು ವಿದ್ಯುತ್ತಿನ ಬಹಳ ಸಣ್ಣ ಗುರುತು, ಅದನ್ನು ಓದಬಹುದು. ಓದುವುದಕ್ಕೆಂದು ಗುಂಡಿ ಬಂತು. ಜನ ಕೆಲಸಗಳನ್ನು ಬರೆದುಕೊಳ್ಳುವುದು ತಪ್ಪಿತು, ಮನಸ್ಸಿನಲ್ಲಿ ಜಗ್ಗಿದ್ದು ತಾನೇ ಮೊಬೈಲಿನಲ್ಲಿ ಸಾಲಾಗಿ ಮೂಡತೊಡಗಿತು.

ಓದುವ ಗುಂಡಿಗೆ ಅಳಿಸುವುದೂ ಬರುತ್ತದೆಂದು ಗೊತ್ತಾಗಲು ತಡವಾಗಲಿಲ್ಲ. ಕೆಲಸ ಮುಗಿಸಿ ಗುರುತು ಹಾಕಿದೊಡನೆ ಕಿವಿಯ ಹಿಂದೆ ಇರುವೆ ಹರಿದಂತಾಗಿ ಎಳೆತ ಇಲ್ಲವಾಗುತ್ತಿತ್ತು. ಎಂಥ ಹಗುರ! ಜನ ಮುಗಿಬಿದ್ದು ಹಾಕಿಸಿಕೊಂಡರು. ಮೂರನೆಯ ಹೆಜ್ಜೆಯನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಕೆಲಸ ಮುಗಿಯದಿದ್ದರೂ ಎಳೆತವನ್ನು ಅಳಿಸಬಹುದಲ್ಲ? ವರ್ಷಗಟ್ಟಲೆ ಮುಗಿಯದೆ ಉಳಿದದ್ದು ರೋಗವೇ ಅಲ್ಲವೇ? ಅದಕ್ಕೆ ‘ಹಳೆ ಬಾಕಿ ಮುಕ್ತಾಯ’ ಎಂದು ಹೆಸರಿಟ್ಟರು. ಗುಂಡಿ ಹಾಕಿಸಿಕೊಳ್ಳುವಾಗ ಒತ್ತುವ ಒಪ್ಪಿಗೆಯಲ್ಲಿ ಅದೂ ಒಂದು ಸಾಲಾಗಿ ಸೇರಿಕೊಂಡಿತು.

ಕಾನೂನು ಒಂದೇ ಒಂದು ತಡೆ ಇಟ್ಟಿತ್ತು. ಯಂತ್ರ ತಾನೇ ಮುಚ್ಚುವಂತಿಲ್ಲ, ಮನುಷ್ಯರ ಬೆರಳು ಬೇಕು. ಆ ಬೆರಳುಗಳಲ್ಲಿ ದ್ರಾಕ್ಷಾಯಣಿಯದೂ ಒಂದು.

ಬೈಪಾಸಿನ ಪಕ್ಕದ ಗಾಜಿನ ಕಟ್ಟಡದಲ್ಲಿ ಮುಕ್ತಾಯ ವಿಭಾಗ. ಎದುರಿನ ಪರದೆಯ ಮೇಲೆ ಒಂದೊಂದೇ ಸಾಲು ಬರುತ್ತದೆ. ಯಾರ ಹೆಸರೂ ಇರುವುದಿಲ್ಲ, ಊರು ಇರುವುದಿಲ್ಲ. ಮನಸ್ಸಿನ ಮಾತನ್ನು ಯಂತ್ರ ಕಚೇರಿಯ ಮಾತಿಗೆ ತಿರುಗಿಸಿ ಕೊಟ್ಟಿರುತ್ತದೆ. ಒಬ್ಬರ ಹಳೆಯ ಬಾಕಿಗಳೆಲ್ಲ ಒಂದು ಕಟ್ಟಾಗಿ ಒಂದರ ಹಿಂದೊಂದು ಬರುತ್ತವೆ. ಕೆಳಗೆ ‘ಇರಲಿ’, ‘ಮುಚ್ಚು’. ಇರಲಿ ಅಂದರೆ ಕಾರಣ ಬರೆಯಬೇಕು, ಮುಚ್ಚು ಅಂದರೆ ಬರೆಯಬೇಕಾಗಿಲ್ಲ. ಎಚ್ಚರದ ಹೆಂಗಸೆಂದು ಅವಳನ್ನು ಆರಿಸಿಕೊಂಡಿದ್ದರು. ಮೊದಮೊದಲು ಅವಳು ಕಾರಣ ಬರೆಯುತ್ತಿದ್ದಳು. ಆಮೇಲಾಮೇಲೆ ಕೈ ಸೋತಿತು.

ಆ ಶುಕ್ರವಾರ ಊಟದ ಹೊತ್ತಿಗೆ ಪಕ್ಕದ ಕುರ್ಚಿಯ ಮುಮ್ತಾಜಳಿಗೆ ಅವಳು ಡಬ್ಬಿಯ ಸುದ್ದಿ ಹೇಳಿದಳು, ಸುಮ್ಮನೆ, ಮಾತಿಗೆ ಮಾತೆಂದು. ಮುಮ್ತಾಜ್ ರೊಟ್ಟಿ ಮುರಿಯುತ್ತಿದ್ದವಳು ನಕ್ಕುಬಿಟ್ಟಳು.

“ನೆನಪೈತೇನ? ಹಿಂದಕ ಒಂದ ಸಾಲ ಬಂದಿತ್ತಲ್ಲ. ‘ಪಾತ್ರೆ ಹಿಂತಿರುಗಿಸುವಿಕೆ, ಪುನರಾವರ್ತಿತ, ಅಂತ್ಯ ಕಾಣುತ್ತಿಲ್ಲ.’ ಯಾವಾಕಿನೋ ಏನೋ, ಪಾತ್ರಿ ಕೊಡೂದರಾಗ ಜೀವನಾ ಮುಗಸಾಕಿ ಅಂತ ನೀನ ನಗಿಸಿ ಮುಚ್ಚಿದ್ದಿ.”

ದ್ರಾಕ್ಷಾಯಣಿಗೆ ನೆನಪಿತ್ತು. ಊರಿನಲ್ಲಿ ಪಾತ್ರೆ ತಿರುಗಿಸುವವರು ಸಾವಿರ ಜನ ಇರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ನೀರು ಕುಡಿದಳು.

*

ಸಂಜೆ ಅವಳು ಕೈಕಾಲು ತೊಳೆಯುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕಸ್ತೂರಿ. ಮೂರು ವರ್ಷದಲ್ಲಿ ಒಮ್ಮೆಯೂ ಈ ಹೊಸ್ತಿಲಿಗೆ ಬಾರದವಳು. ಗಟ್ಟಿಮುಟ್ಟಾದ ಹೆಂಗಸು, ಕಿವಿಯ ಮೇಲ್ತುದಿಯಲ್ಲಿ ಹಳೆಯ ಕಾಲದ ಬುಗುಡಿ. ಗುಂಡಿ ಹಾಕಲು ಮನೆಗೆ ಬಂದ ಕಂಪನಿಯ ಹುಡುಗಿಯರಿಗೆ, ಬುಗುಡಿ ಇಟ್ಟ ಕಿವಿ ಇದು, ನಿಮ್ಮ ಗುಂಡಿಗೆ ಜಾಗ ಇಲ್ಲ ಎಂದು ಹೇಳಿ ಕಳಿಸಿದ್ದಳು.

ಕಸ್ತೂರಿ ಒಳಗೆ ಬರಲಿಲ್ಲ. ಡಬ್ಬಿ ಕೊಡು ಅಂದಳು. ದ್ರಾಕ್ಷಾಯಣಿ ಹೋಗಿ ಮಾಡದಿಂದ ತಂದು ಅವಳ ಕೈಗಿಟ್ಟಳು. ಕಸ್ತೂರಿ ಮುಚ್ಚಳ ತೆಗೆದು ಒಳಗೆ ನೋಡಿದಳು. ಡಬ್ಬಿಯ ತಳ ಹೊಳೆಯುತ್ತಿತ್ತು.

“ಖಾಲಿ ಕೊಡತಿ?”

ಕೊಟ್ಟುಬಿಟ್ಟಿದ್ದಳು. ಡಬ್ಬಿಯಲ್ಲಿ ಏನಾದರೂ ಹಾಕಬೇಕಿತ್ತೆಂದು ಆಗಷ್ಟೇ ಗೊತ್ತಾಯಿತು. ಹಾಕದೆ ಇದ್ದದ್ದಕ್ಕೆ ನಾಚಿಕೆಯೂ ಆಗಲಿಲ್ಲ, ಗೆದ್ದೆನೆಂಬ ಸಂತೋಷವೂ ಆಗಲಿಲ್ಲ. ಕಸ್ತೂರಿ ಅವಳ ಮುಖವನ್ನೇ ನೋಡುತ್ತ ನಿಂತಳು, ಆಮೇಲೆ ಕಿವಿಯ ಹಿಂದೆ ನೋಡಿದಳು.

“ಎರಡ ಸೋಮವಾರ ಆತು, ನೀ ಹೋಗಿಲ್ಲ. ಖಿಡಕಿಯಾಗ ನಿಂತ ನೋಡೇನಿ. ಬರೂ ಸೋಮವಾರನೂ ಹೋಗಲಿಲ್ಲಂದ್ರ ಏನಾಗತೈತಿ, ಗೊತ್ತೈತಿಲ್ಲ ನಿನಗ?”

ಗೊತ್ತಿತ್ತು. ದ್ರಾಕ್ಷಾಯಣಿಯ ಗಂಡ ಈರಣ್ಣ ಬ್ಯಾಟರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬೆಂಕಿ ಬಿದ್ದ ದಿನ ಶೆಡ್ಡಿನ ಗೇಟಿಗೆ ಹೊರಗಿನಿಂದ ಕೀಲಿ ಬಿದ್ದಿತ್ತು. ಒಳಗಿದ್ದವರು, ಈರಣ್ಣನೂ ಸೇರಿ, ಬಡಿದು ಬಡಿದು ಸತ್ತರು. ಕೀಲಿ ಹಾಕಿದವರು ಯಾರು? ಕಾರ್ಖಾನೆಯ ಮಾಲೀಕರು ಹೇಳಿ ಹಾಕಿಸಿದರೋ, ಆ ಪಾಳಿಯ ಮೇಸ್ತ್ರಿ ತಾನೇ ಹಾಕಿದನೋ? ಮೇಸ್ತ್ರಿ ಬೇರೆ ಯಾರೂ ಅಲ್ಲ, ಈರಣ್ಣನ ಒಡಹುಟ್ಟಿದ ಅಣ್ಣ, ಕಸ್ತೂರಿಯ ಗಂಡ ಚನ್ನಬಸಪ್ಪ. ಎರಡು ಮನೆಗಳ ನಡುವೆ ಮಾತು ನಿಂತದ್ದು ಅದಕ್ಕೇ. ವಿಚಾರಣೆಗೆ ಆಯೋಗ ಕೂತಿತ್ತು. ಪ್ರತಿ ಸೋಮವಾರ ಅರ್ಜಿದಾರರು ಹೋಗಿ ಸಹಿ ಹಾಕಬೇಕು, ಕರೆದರೆ ಹೇಳಿಕೆ ಕೊಡಬೇಕು, ಕರೆಯದಿದ್ದರೆ ತಿರುಗಿ ಬರಬೇಕು. ಸತತ ಮೂರು ಸೋಮವಾರ ಅರ್ಜಿದಾರರು ಬಾರದಿದ್ದರೆ ಅವರಿಗೆ ಆಸಕ್ತಿ ಇಲ್ಲವೆಂದು ವಿಚಾರಣೆ ಮುಗಿಸಬಹುದು. ಸತ್ತವರ ಹೆಂಡಂದಿರು ಹನ್ನೊಂದು ಜನ ಅರ್ಜಿ ಹಾಕಿದ್ದರು. ಒಬ್ಬೊಬ್ಬರೇ ಹೋಗುವುದನ್ನು ನಿಲ್ಲಿಸಿ ಕೊನೆಗೆ ದ್ರಾಕ್ಷಾಯಣಿ ಒಬ್ಬಳೇ ಉಳಿದಿದ್ದಳು.

ಇದೆಲ್ಲ ಅವಳಿಗೆ ಶಾಲೆಯ ಪಾಠದ ಹಾಗೆ ಒಂದೂ ಬಿಡದೆ ನೆನಪಿತ್ತು. ಗೋಡೆಯ ಮೇಲೆ ಈರಣ್ಣನ ಫೋಟೋ ಇತ್ತು. ಆ ಎರಡು ಸೋಮವಾರ ತಾನು ಏನು ಮಾಡಿದೆ? ಭಾನುವಾರ, ಸೋಮವಾರ ಅವಳಿಗೆ ರಜೆ. ಹಾಸಿಗೆಯ ಹೊದಿಕೆಗಳನ್ನೆಲ್ಲ ಒಗೆದು ಹಾಕಿ, ಮಧ್ಯಾಹ್ನ ಒಳ್ಳೆಯ ನಿದ್ದೆ ಮಾಡಿದ್ದಳು.

ಹೋಗಬೇಕು ಅಂತ ಅನಿಸುತ್ತಿಲ್ಲ ಎಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಸ್ತೂರಿ ಬೈಯುತ್ತಾಳೆಂದುಕೊಂಡಿದ್ದಳು. ಕಸ್ತೂರಿ ಬೈಯಲಿಲ್ಲ, ಬಾಗಿಲ ಚೌಕಟ್ಟಿಗೆ ಕೈಯೂರಿ ತಗ್ಗಿದ ದನಿಯಲ್ಲಿ ಮಾತಾಡಿದಳು.

“ನಮ್ಮ ಮನ್ಯಾಗ ಒಬ್ಬರು ಹಿಂಗ ಆಗ್ಯಾರ, ನಿನಗ ಗೊತ್ತಿಲ್ಲ. ಗುಂಡಿ ಹಾಕಿಸಿಕೊಂಡಾಗಿಂದ ಗುಬ್ಬಿಗೆ ಕಾಳ ಹಾಕ್ಕೋತ ಕೂಡತಾರ. ‘ಕೀಲಿ ನೀವ ಹಾಕಿದ್ರೇನು?’ ಅಂತ ಕೇಳಿದ್ರ ನಗತಾರ. ‘ಈಗ್ಯಾಕ ಅದು?’ ಅಂತಾರ. ಅವರ ಬಾಯಿಂದ ಬರೂದಿಲ್ಲ ಇನ್ನ. ಹಾಕಿಲ್ಲ ಅಂತ ಆಯೋಗ ಹೇಳಬೇಕು. ಹಾಕ್ಯಾರ ಅಂದ್ರ ಅದನ್ನರ ಹೇಳಲಿ. ಹಾಕ್ಯಾರೋ ಇಲ್ಲೋ ಗೊತ್ತಾಗದ ನಾ ಅವರಿಗೆ ಎಷ್ಟ ವರ್ಷ ಉಣ್ಣಾಕ ನೀಡ್ಲಿ?”

ಹಾಗಾದರೆ ನೀವೇ ಹೋಗಿ ಎಂದು ದ್ರಾಕ್ಷಾಯಣಿ ಅಂದಳು. ಅಂದ ಮೇಲೆ ಅದು ಎಂಥ ಮಾತೆಂದು ಗೊತ್ತಾಯಿತು. ಆಯೋಗದ ಮುಂದೆ ಸತ್ತವನ ಹೆಂಡತಿಯ ಮಾತು ನಡೆಯುತ್ತದೆ, ಅತ್ತಿಗೆಯ ಮಾತು ನಡೆಯುವುದಿಲ್ಲ.

“ನೀ ನನಗ ಶಾಪಾ ಹಾಕತಿದ್ದಿ, ಅದು ಚಲೋ ಇತ್ತು,” ಅಂದಳು ಕಸ್ತೂರಿ. ಖಾಲಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿ ಹೋದಳು.

*

ಶನಿವಾರ ದ್ರಾಕ್ಷಾಯಣಿ ಪಾಳಿ ಶುರುವಾಗುವ ಮೊದಲೇ ವಿಭಾಗದ ಮುಖ್ಯಸ್ಥ ಹಂಚಿನಮನಿಯವರ ಕೋಣೆಗೆ ಹೋದಳು. ಪಾತ್ರೆಯ ಸಾಲು ಬಂದ ಕಟ್ಟಿನಲ್ಲಿ ಬೇರೆ ಏನಿತ್ತು ನೋಡಬೇಕೆಂದು ಕೇಳಿದಳು. ಮುಚ್ಚಿದ ಕಟ್ಟನ್ನು ಮತ್ತೆ ತೋರಿಸುವ ರೂಢಿ ಇಲ್ಲ. ಆದರೆ ಹಂಚಿನಮನಿ ಬಿಡುವಾಗಿದ್ದರು, ಅವರಿಗೆ ಮುಚ್ಚಿಡುವ ಎಳೆತವೂ ಇರಲಿಲ್ಲ. ಪರದೆಯನ್ನು ಅವಳ ಕಡೆಗೆ ತಿರುಗಿಸಿದರು.

ಕಟ್ಟಿನಲ್ಲಿ ಎರಡೇ ಸಾಲು. ಮೊದಲನೆಯದು ಪಾತ್ರೆ. ಅದರ ಕೆಳಗೆ: ‘ಮೃತ ಸಂಬಂಧಿಯ ಕುರಿತ ಪ್ರಶ್ನೆ, ದೀರ್ಘಕಾಲದ ಬಾಕಿ, ಪರಿಹಾರದ ಸಾಧ್ಯತೆ ಕಡಿಮೆ. ಮುಚ್ಚಲಾಗಿದೆ.’ ಮುಚ್ಚಿದವರ ಜಾಗದಲ್ಲಿ ಅವಳ ಕುರ್ಚಿಯ ಸಂಖ್ಯೆ. ಗುಂಡಿಯ ಜಾಗದಲ್ಲಿದ್ದದ್ದು ಅವಳ ಕಿವಿಯ ಹಿಂದಿನದರ ಸಂಖ್ಯೆ.

ಗೇಟು, ಕೀಲಿ, ಬಡಿದ ಕೈಗಳು, ಯಾವುದೂ ಆ ಸಾಲಿನಲ್ಲಿ ಇರಲಿಲ್ಲ. ಇದ್ದಿದ್ದರೆ ಗುರುತು ಹಿಡಿಯುತ್ತಿದ್ದಳು. ಪಾತ್ರೆಯ ಸಾಲಿಗೆ ನಗುತ್ತಿರುವಾಗಲೇ ಬೆರಳು ಮುಂದಿನದಕ್ಕೆ ಹೋಗಿರಬೇಕು. ಕಿವಿಯ ಹಿಂದೆ ಇರುವೆ ಹರಿದದ್ದೂ ಗೊತ್ತಾಗಿರಲಿಲ್ಲ. ನಗುವಾಗ ಗೊತ್ತಾಗುವುದೂ ಇಲ್ಲ.

ತೆರೆಯಿರಿ ಸರ್ ಎಂದು ಕೇಳಿದಳು. ಅಳಿಸಿದ್ದು ತೆರೆಯುವುದಿಲ್ಲ, ಕೆಸರಿನ ಮೇಲಿನ ಹೆಜ್ಜೆ ನೀರು ಹರಿದ ಮೇಲೆ ಮತ್ತೆ ಮೂಡುತ್ತದೆಯೇ ಎಂದು ಅವರು ಸಮಾಧಾನವಾಗಿ ವಿವರಿಸಿದರು. ಹೊಸ ಎಳೆತ ಹುಟ್ಟಿದರೆ ಹುಟ್ಟಬಹುದು. ಹುಟ್ಟಿದ್ದನ್ನು ಗುಂಡಿ ಓದುತ್ತದೆ, ಹಳೆಯದರ ಕುರುಹು ಕಂಡರೆ ಕೂಡಲೇ ಮುಚ್ಚಲು ಈ ವಿಭಾಗಕ್ಕೆ ಕಳಿಸುತ್ತದೆ. ಅದಕ್ಕಿಂತ ಹೆಚ್ಚಿನ ತೊಂದರೆ ಏನೂ ಇಲ್ಲ.

ಕಾರ್ಖಾನೆಯವರು ಈ ಕಂಪನಿಯಲ್ಲಿ ಪಾಲುದಾರರೇ ಎಂದು ಅವಳು ಕೇಳಿದಳು. ಇರಬಹುದು, ಬಹಳ ಜನ ಇದ್ದಾರೆ ಅಂದರು. ಉಳಿದ ಹತ್ತು ಹೆಂಡಂದಿರ ಸಾಲುಗಳೂ ಇಲ್ಲೇ ಬಂದವೇ ಎಂದು ಕೇಳಿದಳು. ಅವರು ಭುಜ ಹಾರಿಸಿದರು. ಯಾರದು ಯಾರಿಗೆ ಗೊತ್ತು?

“ನನಗ ಹೇಳದ ನನ್ನ ಮನಸ್ಸಿಗೆ ಕೈ ಹಾಕೀರಿ.”

“ನಾವೆಲ್ಲಿ ಹಾಕೇವ್ರಿ? ನಿಮ್ಮ ಬೆರಳ ಅದು.” ಹಂಚಿನಮನಿ ಕನ್ನಡಕ ತೆಗೆದು ಒರೆಸಿದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಭಯವಾಗುವಂತಿತ್ತು. “ಮಂದೀದು ಮುಚ್ಚುವಾಗ ಏನೂ ಅನಿಸಿರಲಿಲ್ಲಲ್ಲ ನಿಮಗ? ಮತ್ತ ಈಗ್ಯಾಕ ಅನಿಸಬೇಕು? ಹೋಗ್ರಿ, ಪಾಳಿ ಶುರು ಆತು.”

ಅವಳು ಹೋಗಿ ಕುಳಿತಳು. ಸಾಲುಗಳು ಬಂದವು. ‘ಕುಟುಂಬ ಸದಸ್ಯರ ಪತ್ತೆ, ದೀರ್ಘಕಾಲದ ಬಾಕಿ.’ ಯಾರ ಮಗ, ಯಾರ ತಂಗಿ? ಇರಲಿ ಎಂದು ಒತ್ತಿದಳು. ಕಾರಣ ಕೇಳಿತು. ಬರೆದಳು. ‘ಕುಡಿಯುವ ನೀರಿನ ಕುರಿತ ಮನವಿ, ಪುನರಾವರ್ತಿತ.’ ಇರಲಿ. ಕಾರಣ ಕೇಳಿತು. ಮಧ್ಯಾಹ್ನದ ಹೊತ್ತಿಗೆ ಮುಮ್ತಾಜ್ ಬಗ್ಗಿ, ಹಿಂಗಾದ್ರ ಪಾಳಿ ಮುಗದಂಗನ ಎಂದು ಪಿಸುಗುಟ್ಟಿದಳು. ದ್ರಾಕ್ಷಾಯಣಿ ಮುಂದಿನ ಸಾಲಿಗೂ ಇರಲಿ ಎಂದೇ ಒತ್ತಿದಳು. ತಾನು ಮಾಡುತ್ತಿರುವುದು ಸರಿಯೆಂದು ತಿಳಿದಿತ್ತು. ಆದರೆ ಸೋಮವಾರ ಹೋಗುವ ಮನಸ್ಸು ಮಾತ್ರ ಬರಲೊಲ್ಲದು. ಹುಡುಕಿ ಹುಡುಕಿ ನೋಡಿದಳು, ಬಿದ್ದ ಹಲ್ಲಿನ ಜಾಗವನ್ನು ನಾಲಿಗೆ ಹುಡುಕುವ ಹಾಗೆ. ಮೆತ್ತಗೆ, ನುಣ್ಣಗೆ, ಏನೂ ಇಲ್ಲ.

ಭಾನುವಾರ ಈರಣ್ಣನ ಫೋಟೋದ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಳು. ಸುಟ್ಟ ಶೆಡ್ಡನ್ನು ನೆನಪಿಸಿಕೊಂಡಳು. ಅವನ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಮೂಸಿದಳು. ಕಣ್ಣಲ್ಲಿ ನೀರು ಬಂತು. ನೀರು ಬರುವುದಕ್ಕೆ ಗುಂಡಿಯ ಅಡ್ಡಿ ಇರಲಿಲ್ಲ. ಅತ್ತು ಮುಗಿಸಿ ಎದ್ದು ಅಂಗಿಯನ್ನು ಮಡಚಿಟ್ಟು ಅಡುಗೆಗೆ ಹೋದಳು. ಒಗ್ಗರಣೆ ಹಾಕುವಾಗ ಅವಳಿಗೆ ಹೊಳೆಯಿತು. ನಾಳೆ ತಾನು ಹೋಗುವುದಿಲ್ಲ. ಮರೆತು ಅಲ್ಲ, ಹೆದರಿ ಅಲ್ಲ. ಸುಮ್ಮನೆ ಹೋಗುವುದಿಲ್ಲ, ಹೊದಿಕೆ ಒಗೆಯುತ್ತಾಳೆ. ಆಯೋಗ ಬಾಗಿಲು ಹಾಕಿಕೊಳ್ಳುತ್ತದೆ. ಮೇಲೆ ಚನ್ನಬಸಪ್ಪ ಗುಬ್ಬಿಗಳಿಗೆ ಕಾಳು ಹಾಕುತ್ತಿರುತ್ತಾನೆ.

*

ಸೋಮವಾರ ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆರೆದರೆ ಮೆಟ್ಟಿಲ ತಿರುವಿನಲ್ಲಿ ಡಬ್ಬಿ ಇತ್ತು.

ಅವಳು ಹತ್ತಿ ಹೋಗಿ ಎತ್ತಿಕೊಂಡಳು. ಹಗುರವಾಗಿತ್ತು. ಮುಚ್ಚಳ ತೆಗೆದಳು. ಒಳಗೆ ಏನೂ ಇಲ್ಲ. ಒರೆಸಿ, ಹೊಳೆಯುವ ಹಾಗೆ ಉಜ್ಜಿ, ಬೇಕೆಂದೇ ಖಾಲಿ ಇಟ್ಟಿದ್ದಳು ಕಸ್ತೂರಿ. ತಾನು ಗೊತ್ತಿಲ್ಲದೆ ಕೊಟ್ಟಿದ್ದೆ. ಇವಳು ಗೊತ್ತಿದ್ದು ಕೊಟ್ಟಿದ್ದಾಳೆ. ಬೇವಿನ ಹೂ ಕಳಿಸಿದಾಗಲೂ, ಉಪ್ಪು ಸುರಿದು ಕಳಿಸಿದಾಗಲೂ ಇಷ್ಟು ಮಾಡಿರಲಿಲ್ಲ. ಮೇಲೆ ನೋಡಿದಳು. ಮೊದಲ ಮಹಡಿಯ ಕಂಬಿ ಹಿಡಿದು ಕಸ್ತೂರಿ ನಿಂತಿದ್ದಳು.

“ಏನ ನೋಡತಿ? ಸತ್ತವರ ಮನಿಗೆ ಹಿಂಗ ಕಳಸೂದು. ನನ್ನ ಮೈದುನ ಮೂರ ವರ್ಷದ ಹಿಂದ ಸತ್ತ. ಅವನ ಹೆಂಡತಿ ಮೊನ್ನೆ ಮೊನ್ನೆ ಸತ್ತಾಳ.”

ದ್ರಾಕ್ಷಾಯಣಿಯ ಎದೆಯಲ್ಲಿ ಏನೋ ಸಣ್ಣದಾಗಿ ಹೊತ್ತಿಕೊಂಡಿತು. ಈರಣ್ಣನಿಗಾಗಿ ಅಲ್ಲ, ಗೇಟಿಗಾಗಿ ಅಲ್ಲ. ಈ ಹೆಂಗಸಿಗೆ, ಕಂಬಿ ಹಿಡಿದು ನಿಂತು ಇಂಥ ಮಾತಾಡುವ ಈ ಹೆಂಗಸಿಗೆ, ಉತ್ತರ ಕೊಡಬೇಕು. ಖಾಲಿ ಡಬ್ಬಿಯನ್ನು ಇಟ್ಟುಕೊಳ್ಳುವಂತಿಲ್ಲ. ತುಂಬಿಯೇ ಕಳಿಸಬೇಕು. ಎಷ್ಟೋ ದಿನದ ಮೇಲೆ ಬೆನ್ನ ಹಿಂದಿನಿಂದ ಯಾರೋ ಜಗ್ಗಿದಂತಾಯಿತು, ಒಲೆಯ ಮೇಲೆ ಹಾಲು ಇಟ್ಟು ಬಂದವಳಿಗೆ ಆಗುವಂತೆ.

ಒಳಗೆ ಮೇಜಿನ ಮೇಲೆ ಮೊಬೈಲು ಟಿಣ್ ಎಂದಿತು. ಹೋಗಿ ನೋಡಿದಳು. ಹೊಸ ಸಾಲು ಮೂಡಿತ್ತು. ‘ಮೇಲಿನ ಮನೆಗೆ ಪ್ರತ್ಯುತ್ತರ. ಹಳೆಯ ಬಾಕಿಯ ಕುರುಹು ಕಂಡುಬಂದಿದೆ. ಮುಚ್ಚಲು ಕಳಿಸಲಾಗಿದೆ. ದಯವಿಟ್ಟು ನಿರಾಳವಾಗಿರಿ.’

ಬೈಪಾಸಿನ ಗಾಜಿನ ಕಟ್ಟಡದಲ್ಲಿ ಈಗ ಈ ಸಾಲು ಒಬ್ಬಳ ಪರದೆಯ ಮೇಲೆ ಬಂದಿರುತ್ತದೆ. ಮುಮ್ತಾಜಳೇ ಇರಬಹುದು. ಇರಲಿ ಅಂದರೆ ಕಾರಣ ಬರೆಯಬೇಕು. ಮುಮ್ತಾಜ್ ಕಾರಣ ಬರೆಯುವವಳಲ್ಲ.

ದ್ರಾಕ್ಷಾಯಣಿ ಗಡಬಡಿಸಿ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಕಿವಿಯ ಹಿಂದೆ ಸುರಿದುಕೊಂಡಳು. ಗುಂಡಿ ಜಾರಿತೇ ಹೊರತು ಬಿಡಲಿಲ್ಲ. ಉಗುರು ಹಾಕಿದಳು, ಹೇರ್‌ಪಿನ್ನು ಹಾಕಿದಳು. ಆಗ ಚರ್ಮದ ಮೇಲೆ ಇರುವೆ ಹರಿಯಲು ಶುರುವಾಯಿತು. ಯಾರೋ ಒತ್ತಿಬಿಟ್ಟಿದ್ದರು. ಎದೆಯ ಉರಿ ಒಂದು ಬದಿಯಿಂದ ತಣ್ಣಗಾಗುತ್ತ ಬಂತು. ಕಸ್ತೂರಿ ಏನು ಅಂದಳು? ಅಂದರೆ ಅನ್ನಲಿ, ಈಗ್ಯಾಕ ಅದು? ಕೈ ಸಡಿಲವಾಯಿತು. ಎಡಗೈಯಲ್ಲಿ ಡಬ್ಬಿ ಇನ್ನೂ ಇತ್ತು, ಅದರ ತಣ್ಣನೆಯ ತಳ ಅಂಗೈಗೆ ಒತ್ತುತ್ತಿತ್ತು. ಬರಿದು. ಹಲ್ಲು ಕಚ್ಚಿ ಪಿನ್ನನ್ನು ಕೆಳಗಿನಿಂದ ಮೇಲಕ್ಕೆ ಎತ್ತಿದಳು. ಚರ್ಮ ಕಿತ್ತು ಗುಂಡಿ ಕೈಗೆ ಬಂತು. ಕುತ್ತಿಗೆಯ ಮೇಲೆ ಬೆಚ್ಚಗೆ ಇಳಿದದ್ದು ಎಣ್ಣೆಯೋ ರಕ್ತವೋ ನೋಡಲು ಹೋಗಲಿಲ್ಲ.

ಉರಿ ಇತ್ತು. ಅರ್ಧ ಇತ್ತು, ತಾನು ಸತ್ತಿಲ್ಲವೆಂದು ಮೇಲಿನವಳಿಗೆ ತೋರಿಸಲು ಅಷ್ಟು ಸಾಕಿತ್ತು. ಹಳೆಯದೇನೂ ತಿರುಗಿ ಬರಲಿಲ್ಲ, ಹಂಚಿನಮನಿ ಹೇಳಿದ್ದು ಸುಳ್ಳಲ್ಲ. ಗುಂಡಿ ಇಲ್ಲದವಳನ್ನು ನಾಳೆ ಕಟ್ಟಡದ ಬಾಗಿಲು ಒಳಗೆ ಬಿಡುವುದಿಲ್ಲವೆಂಬುದೂ ಗೊತ್ತಿತ್ತು. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡಳು, ಆಯೋಗದ ಚೀಟಿಯನ್ನು ಚೀಲದಲ್ಲಿ ಹಾಕಿಕೊಂಡಳು. ಗ್ಯಾಸು ಬಂದ್ ಆಗಿದೆಯೇ ಎಂದು ತಿರುಗಿ ನೋಡಲಿಲ್ಲ. ಡಬ್ಬಿಯನ್ನು ಹಿಡಿದು ಮೆಟ್ಟಿಲ ತಿರುವಿಗೆ ಹತ್ತಿದಳು, ಮುಚ್ಚಳ ಒತ್ತಿ ಇಟ್ಟಳು, ಇಳಿದಳು. ಕಸ್ತೂರಿ ಕಂಬಿಯ ಹತ್ತಿರವೇ ಇದ್ದಳು.

ಓಣಿಯ ತುದಿಗೆ ಬಸ್ಸು ಬರುವ ಹೊತ್ತಾಗಿತ್ತು. ಅಂಗಳ ದಾಟುವಾಗ ಹಿಂದೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಗಳು ಇಳಿದು ಬಂದವು, ತಿರುವಿನಲ್ಲಿ ನಿಂತವು. ಡಬ್ಬಿಯನ್ನು ಯಾರೋ ಎತ್ತಿ ಅಲ್ಲಾಡಿಸಿದರು. ಒಳಗೆ ಗುಂಡಿ ಒಂದು ಕಾಳಿನ ಹಾಗೆ ಗಲಗಲ ಸದ್ದು ಮಾಡಿತು.

ದ್ರಾಕ್ಷಾಯಣಿ ತಿರುಗಿ ನೋಡದೆ ನಡಿಗೆ ಚುರುಕು ಮಾಡಿದಳು.